ಮೊದಲ 200 ಕಿಲೋಮೀಟರಿಗೆ ಮುನ್ನ: ಶಿರಸಿಯ ಸೈಕಲ್ ಅಂಗಡಿಯೊಂದರ ‘ದೂರದ ತಪಾಸಣೆ’

ಶಿರಸಿ ಪೇಟೆಯ ಒಳಬೀದಿಯೊಂದರಲ್ಲಿ ಹಳೆಯ ಸೈಕಲ್ ಅಂಗಡಿಯೊಂದಿದೆ. ಈಗಿನ ಯಜಮಾನರ ತಂದೆಯವರ ಕಾಲದಲ್ಲಿ ಅಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದರು. ನಾನು ಸೈಕಲ್ ಕಲಿತದ್ದೂ ಅಂಥದೊಂದು ಬಾಡಿಗೆ ಸೈಕಲಿನ ಮೇಲೆಯೇ. ಈಗ ಅಲ್ಲಿ ಗೇರ್ ಸೈಕಲುಗಳ ದುರಸ್ತಿ ನಡೆಯುತ್ತದೆ. ಅದರ ಜೊತೆಗೆ, ದೂರದ ಸವಾರಿಗೆ ಮೊದಲ ಸಲ ಹೆಸರು ಕೊಡಬೇಕೆಂದಿರುವವರ ಸೈಕಲನ್ನೂ ಅವರನ್ನೂ ಒಟ್ಟಿಗೇ ಪರೀಕ್ಷಿಸುವ ಸೇವೆಯೊಂದನ್ನು ಯಜಮಾನರು ಕೆಲವು ವರ್ಷಗಳಿಂದ ಕೊಡುತ್ತಿದ್ದಾರೆ. ಅಂಗಡಿಯ ಬೋರ್ಡಿನಲ್ಲಿ ಅದರ ಉಲ್ಲೇಖವಿಲ್ಲ; ಕೇಳಿದವರಿಗೆ ಅವರು ‘ದೂರದ ತಪಾಸಣೆ’ ಎಂದಷ್ಟೇ ಹೇಳುತ್ತಾರೆ. ಕಳೆದ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನಾನು ಅದನ್ನು ಪೂರ್ತಿಯಾಗಿ ಮಾಡಿಸಿಕೊಂಡೆ. ಮೊದಲ 200 ಕಿಲೋಮೀಟರಿನ ಮುಂದೆ ನಿಂತು ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಹಲವರಿರಬಹುದು. ಅವರಿಗಾಗಿ, ಆ ಸೇವೆಯಲ್ಲಿ ನನಗೆ ಸಿಕ್ಕಿದ್ದೇನು, ಸಿಗದೆ ಉಳಿದದ್ದೇನು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 43. ಶಾಲೆಗೆ ಹೋಗಿ ಬರುವುದರಲ್ಲಿಯೇ ದಿನಕ್ಕೆ 18 ಕಿ.ಮೀ. ಆಗುತ್ತದೆ. ಭಾನುವಾರಗಳಲ್ಲಿ ಬನವಾಸಿಗೆ, ಸೋಂದೆಗೆ, ಸಹಸ್ರಲಿಂಗಕ್ಕೆ ಹೋಗುವ ರೂಢಿಯಿತ್ತು. ಎರಡು ಸಲ ಸಿದ್ದಾಪುರಕ್ಕೆ ಹೋಗಿ ಬಂದು, ಒಂದೇ ದಿನದಲ್ಲಿ 70 ಕಿ.ಮೀ. ದಾಟಿದ ಸಂತೋಷವನ್ನೂ ಅನುಭವಿಸಿದ್ದೆ. ಹುಬ್ಬಳ್ಳಿಯಿಂದ ಹೊರಡುವ 200 ಕಿ.ಮೀ. ಬ್ರೆವೆಯ, ಅಂದರೆ ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕಾದ ಸೈಕಲ್ ಸವಾರಿಯ, ವಿಷಯವನ್ನು ಸಹೋದ್ಯೋಗಿಯೊಬ್ಬರು ತಿಳಿಸಿದಾಗ, ನನ್ನಿಂದ ಆಗುತ್ತದೆಯೇ ಎಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಗೆ ಸುತ್ತಲಿನವರಿಂದ ಎರಡೇ ಬಗೆಯ ಉತ್ತರ ಬಂದವು. ಇದೆಲ್ಲ ಈ ವಯಸ್ಸಿನಲ್ಲಿ ಬೇಡ ಎಂಬುದು ಒಂದು. ಮನಸ್ಸು ಗಟ್ಟಿಯಿದ್ದರೆ ಯಾವುದೂ ಅಸಾಧ್ಯವಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ನನ್ನ ಬಗ್ಗೆಯಾಗಲಿ ಆ ಸವಾರಿಯ ಬಗ್ಗೆಯಾಗಲಿ ಯಾವ ತಿಳಿವಳಿಕೆಯೂ ಇರಲಿಲ್ಲ.

ಬ್ರೆವೆಯ ನಿಯಮಗಳನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು, ಏಕೆಂದರೆ ಅಂಗಡಿಯ ತಪಾಸಣೆಯೆಲ್ಲ ಅವುಗಳ ಸುತ್ತಲೇ ಇದೆ. 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಎಂಬ ಫ್ರಾನ್ಸಿನ ಸಂಸ್ಥೆಯ ನಿಯಮದಂತೆ ಇವು ಜಗತ್ತಿನಾದ್ಯಂತ ನಡೆಯುತ್ತವೆ. ಭಾರತದಲ್ಲಿ ಆಡಾಕ್ಸ್ ಇಂಡಿಯಾ ರ್‍ಯಾಂಡನರ್ಸ್ ಇವುಗಳ ಹೊಣೆ ಹೊತ್ತಿದೆ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20 ತಾಸು, 400ಕ್ಕೆ 27 ತಾಸು, 600ಕ್ಕೆ 40 ತಾಸು ಕೊಡುತ್ತಾರೆ. ಇದು ಪಂದ್ಯವಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಮನ್ನಣೆ ಒಂದೇ. ಆದರೆ ದಾರಿಯ ನಡುವೆ ಕಂಟ್ರೋಲ್ ಎಂಬ ತಪಾಸಣೆಯ ಠಾಣೆಗಳಿರುತ್ತವೆ, ಮತ್ತು ಅವು ತಾಸಿಗೆ 15 ಕಿ.ಮೀ. ಲೆಕ್ಕದಲ್ಲಿ ಮುಚ್ಚುತ್ತ ಹೋಗುತ್ತವೆ. 100ನೇ ಕಿಲೋಮೀಟರಿನ ಕಂಟ್ರೋಲನ್ನು ಹೊರಟ 6 ತಾಸು 40 ನಿಮಿಷಗಳ ಒಳಗೆ ಮುಟ್ಟದಿದ್ದರೆ ಮುಂದಿನ ಸವಾರಿ ಲೆಕ್ಕಕ್ಕೆ ಬರುವುದಿಲ್ಲ. ಕಂಟ್ರೋಲುಗಳ ನಡುವೆ ಹಿಂದೆ ವಾಹನ ಬರುವಂತಿಲ್ಲ, ಹೊರಗಿನವರ ಸಹಾಯ ಪಡೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಚಹಾಕ್ಕೆ ನಿಂತರೂ ಪಂಚರ್ ತೆಗೆಯಲು ನಿಂತರೂ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಇದನ್ನು ಓದಿ ತಿಳಿದುಕೊಂಡಿದ್ದೆ. ಇದರ ಅರ್ಥ ನನಗೆ ಆದದ್ದು ಜನವರಿಯಲ್ಲಿ.

ತಪಾಸಣೆಯ ಮೊದಲ ಭಾಗ ಸೈಕಲಿನದು. “ಅಕ್ಕೋರೇ, ಸೈಕಲ್ ಬಿಟ್ಟು ಹೋಗೂದು ಬ್ಯಾಡ, ಇಲ್ಲೇ ಕೂತು ನೋಡಿ” ಎಂದು ಯಜಮಾನರು ಸ್ಟೂಲ್ ಕೊಟ್ಟರು. ನಮ್ಮ ಕಡೆ ಶಿಕ್ಷಕಿಯರನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಎರಡು ತಾಸು ನಾನು ಅಲ್ಲಿ ಕುಳಿತೆ. ಚೈನಿನ ಸವೆತ ಅಳೆಯುವ ಸಣ್ಣ ಪಟ್ಟಿಯನ್ನು ಅವರು ನನ್ನ ಕೈಗೇ ಕೊಟ್ಟು ಇಡಿಸಿದರು, ಶೇ. 0.75ರಷ್ಟು ಸವೆತ ತೋರಿಸುವ ಅದರ ಹಲ್ಲು ಚೈನಿನೊಳಗೆ ಸಲೀಸಾಗಿ ಇಳಿಯಿತು. ಅಷ್ಟು ಸವೆದ ಚೈನು ಹಿಂದಿನ ಗೇರಿನ ಹಲ್ಲುಗಳನ್ನೂ ತಿನ್ನುತ್ತದೆ, ನನ್ನ ಸೈಕಲಿನಲ್ಲಿ ಆಗಲೇ ತಿಂದಿತ್ತು; ಹಾಗಾಗಿ ಎರಡನ್ನೂ ಬದಲಿಸಬೇಕಾಯಿತು. ಚೈನಿಗೆ ನಾನು ಇಷ್ಟು ದಿನ ಹಾಕುತ್ತಿದ್ದದ್ದು ಮನೆಯ ಕೊಬ್ಬರಿ ಎಣ್ಣೆ ಎಂದು ತಿಳಿದಾಗ ಅವರು ಕಾರಣ ಸಹಿತ ಬೇಡವೆಂದರು. ಉಷ್ಣಾಂಶ 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಶಿರಸಿಯ ಚಳಿಗಾಲದ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ, ಹೆಪ್ಪಾದ ಎಣ್ಣೆಗೆ ಧೂಳು ಮೆತ್ತಿಕೊಂಡು ಅರದ ಹಾಗೆ ಲೋಹವನ್ನು ಉಜ್ಜುತ್ತದೆ.

ಬ್ರೇಕಿನ ರಬ್ಬರುಗಳನ್ನು ಬಿಚ್ಚಿ ತೋರಿಸಿದಾಗ ನಾನು ನಿಜವಾಗಿಯೂ ಗಾಬರಿಯಾದೆ. ಮಳೆಗಾಲದ ಕೆಂಪು ಮಣ್ಣಿನ ಹರಳುಗಳೂ ರಿಮ್ಮಿನಿಂದಲೇ ಎದ್ದ ಅಲ್ಯೂಮಿನಿಯಂ ಚೂರುಗಳೂ ಅದರೊಳಗೆ ಹೂತುಕೊಂಡಿದ್ದವು. ಅಂಥ ರಬ್ಬರು ಹಿಡಿಯುವುದು ಕಡಿಮೆ, ರಿಮ್ಮನ್ನು ಕೊರೆಯುವುದು ಹೆಚ್ಚು. ಈ ಸ್ಥಿತಿಯಲ್ಲಿ ನಾನು ಘಟ್ಟ ಇಳಿಯಲು ಹೊರಟಿದ್ದೆ. ಹಿಂದಿನ ಚಕ್ರದ ಎರಡು ಕಡ್ಡಿಗಳು ಸಡಿಲವಾಗಿದ್ದವು. ಅವನ್ನು ಬಿಗಿದು ಬೆಂಡ್ ತೆಗೆದರು. ಸೀಟು ಎರಡೂವರೆ ಸೆಂಟಿಮೀಟರಿನಷ್ಟು ತಗ್ಗಿನಲ್ಲಿತ್ತು. ನಿಂತಾಗ ಎರಡೂ ಕಾಲು ನೆಲಕ್ಕೆ ಊರಬೇಕೆಂದು ನಾನೇ ಹಾಗಿಟ್ಟುಕೊಂಡಿದ್ದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೆಡಲನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗಬೇಕು, ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಹದವಾಗಿ ಬಾಗುತ್ತದೆ ಎಂಬ ಹಳೆಯ ಕ್ರಮದಲ್ಲಿ ಅವರು ಅದನ್ನು ಸರಿಪಡಿಸಿದರು. ಎರಡು ವರ್ಷಗಳಿಂದ ನಾನು ವಯಸ್ಸಿನ ಲಕ್ಷಣವೆಂದು ಸಹಿಸಿಕೊಂಡಿದ್ದ ಮೊಣಕಾಲಿನ ನೋವು ಮೂರು ವಾರಗಳಲ್ಲಿ ಹೋಯಿತು. ಈ ಸೇವೆಯಲ್ಲಿ ಬೇರೇನೂ ಸಿಗದಿದ್ದರೂ ಇದೊಂದಕ್ಕಾಗಿಯೇ ನಾನು ಹಣ ಕೊಡುತ್ತಿದ್ದೆ.

ಎರಡನೆಯ ಭಾಗ ಕೈಯದು. ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಗಾಳಿ ತುಂಬಿ, ಚಕ್ರವನ್ನು ಮತ್ತೆ ಕೂರಿಸಬೇಕು, ಯಾರೂ ಮುಟ್ಟುವುದಿಲ್ಲ. ಮೊದಲ ದಿನ ನನಗೆ 42 ನಿಮಿಷ ಹಿಡಿಯಿತು. ಚೈನಿನ ಯಾವ ಸುತ್ತಿನೊಳಗಿಂದ ಹಲ್ಲು ಹೊರಬರಬೇಕೆಂಬುದು ಗೊತ್ತಾಗದೆ ಅರ್ಧ ಹೊತ್ತು ಅಲ್ಲಿಯೇ ಹೋಯಿತು. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈಯನ್ನು ಬಟ್ಟೆಯಿಂದ ಒರೆಸುತ್ತ ಒಂದು ಸುತ್ತು ಬರಬೇಕು, ಚುಚ್ಚಿದ ಮುಳ್ಳೋ ತಂತಿಯೋ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ ಎಂಬುದನ್ನು ಅವರು ಮೂರು ಸಲ ಹೇಳಿದರು. ನಾಲ್ಕನೆಯ ದಿನ ನಾನು 16 ನಿಮಿಷಕ್ಕೆ ಬಂದೆ. ತುಂಡಾದ ಚೈನನ್ನು ಜೋಡಿಸುವುದನ್ನೂ ಬ್ರೇಕಿನ ವೈರನ್ನು ಬಿಗಿ ಮಾಡುವುದನ್ನೂ ಇದೇ ರೀತಿ ಮಾಡಿಸಿದರು. ಕಲಿಸುವ ವೃತ್ತಿಯಲ್ಲಿ 20 ವರ್ಷ ಕಳೆದಿರುವ ನನಗೆ ಅವರ ವಿಧಾನ ತುಂಬ ಇಷ್ಟವಾಯಿತು: ತಪ್ಪು ಮಾಡುತ್ತಿರುವಾಗ ಅವರು ಬಾಯಿ ಹಾಕುತ್ತಿರಲಿಲ್ಲ, ಮಾಡಿ ಮುಗಿಸಿದ ಮೇಲೆ ಎಲ್ಲಿ ತಪ್ಪಿತೆಂದು ನನ್ನನ್ನೇ ಕೇಳುತ್ತಿದ್ದರು.

ಮೂರನೆಯ ಭಾಗವೇ ಈ ಸೇವೆಯ ತಿರುಳು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿ, ಅದೇ ದಾರಿಯಲ್ಲಿ ಹತ್ತಿ ಬರಬೇಕು. ಹೋಗಿ ಬರುವುದು ಸುಮಾರು 120 ಕಿ.ಮೀ., ಅಂದರೆ ಮೊದಲ ಬ್ರೆವೆಯ ಐದರಲ್ಲಿ ಮೂರು ಪಾಲು. ಗುರಿಯ ದೂರದಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತೈದು ಪಾಲನ್ನು ಒಂದೇ ದಿನದಲ್ಲಿ ಸಲೀಸಾಗಿ ಮುಗಿಸಿದವರು ಉಳಿದದ್ದನ್ನೂ ಮುಗಿಸಬಲ್ಲರೆಂಬುದು ದೂರದ ಸವಾರರ ನಡುವೆ ಬಳಕೆಯಲ್ಲಿರುವ ಲೆಕ್ಕ. ಆದರೆ ಈ ದಾರಿಯ ಹೆಚ್ಚುಗಾರಿಕೆ ದೂರದಲ್ಲಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಕರಾವಳಿಗೆ ಹೊರಟವರಿಗೆ ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಶಕ್ತಿಯಿರುವಾಗ, ಇಳಿಜಾರು ಸಿಗುತ್ತದೆ. ದಣಿದ ಮೇಲೆ, ಸೆಕೆಯಲ್ಲಿ ಬೆಂದ ಮೇಲೆ, ಏರು ಎದುರಾಗುತ್ತದೆ. ಮೊದಲ ಅರ್ಧದಲ್ಲಿ ತನ್ನ ಬಗ್ಗೆ ಕಟ್ಟಿಕೊಂಡ ಅಭಿಪ್ರಾಯವನ್ನು ಎರಡನೆಯ ಅರ್ಧ ಪರೀಕ್ಷಿಸುತ್ತದೆ. ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ನಮ್ಮ ಸುತ್ತಮುತ್ತ ಇರಲಾರದು.

ಯಜಮಾನರು ಜೊತೆಗೆ ಬರುವುದಿಲ್ಲ, ಯಾರನ್ನೂ ಕಳಿಸುವುದಿಲ್ಲ. ಬದಲಿಗೆ ಬ್ರೆವೆ ಕಾರ್ಡಿನ ಮಾದರಿಯಲ್ಲಿ ರಟ್ಟಿನ ಒಂದು ಕಾರ್ಡು ಕೊಡುತ್ತಾರೆ. ಶಿರಸಿ, ದೇವಿಮನೆ, ಕತಗಾಲ, ಕುಮಟಾ, ಮತ್ತೆ ಅದೇ ಊರುಗಳು ಹಿಂದುಮುಂದಾಗಿ. ಪ್ರತಿ ಊರಿನ ಎದುರು ತಲುಪಿದ ಹೊತ್ತು, ಹೊರಟ ಹೊತ್ತು ಎಂಬ ಎರಡು ಮನೆಗಳು. ಕುಮಟಾದಲ್ಲಿ ಹೋಟೆಲಿನ ಬಿಲ್ಲನ್ನು ಇಟ್ಟುಕೊಂಡು ಬರಬೇಕು. “ಆಗೂದಿಲ್ಲ ಅನ್ಸಿದ್ರೆ ಬಸ್ಸಿನ ಮೇಲೆ ಸೈಕಲ್ ಹಾಕ್ಕೊಂಡು ಬನ್ನಿ ಅಕ್ಕೋರೇ, ಅದ್ರಲ್ಲಿ ತಪ್ಪಿಲ್ಲ. ಕಾರ್ಡು ಅಲ್ಲಿಗೆ ಮುಗೀತು, ಅಷ್ಟೇ” ಎಂದರು. ಘಟ್ಟದ ತಿರುವುಗಳಲ್ಲಿ ಬ್ರೇಕನ್ನು ತಿರುವಿನ ಮೊದಲೇ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಹಿಡಿಯಬಾರದು. ಬಿಡದೆ ಒತ್ತಿಕೊಂಡೇ ಇಳಿದರೆ ರಿಮ್ಮು ಕಾದು ಟ್ಯೂಬ್ ಒಡೆಯಬಹುದು, ಆದ್ದರಿಂದ ಹಿಡಿದು ಬಿಟ್ಟು ಹಿಡಿದು ಇಳಿಯಬೇಕು ಎಂಬ ಎಚ್ಚರಿಕೆಯನ್ನು ಹೊರಡುವ ಹಿಂದಿನ ಸಂಜೆ ಮತ್ತೊಮ್ಮೆ ಕೊಟ್ಟರು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ 6-30ಕ್ಕೆ ಹೊರಟೆ. ರಾಗಿಹೊಸಳ್ಳಿಯ ಆಚೆ ಕಾಡಿನ ನಡುವೆ ಮಂಜು ಇನ್ನೂ ಕರಗಿರಲಿಲ್ಲ. ದೇವಿಮನೆಗೆ 8-10, ಅಲ್ಲಿ ನಿಲ್ಲದೆ ಇಳಿದು ಕತಗಾಲಕ್ಕೆ 8-40, ಕುಮಟಾಕ್ಕೆ 9-45. ಮೂರೂಕಾಲು ತಾಸಿನಲ್ಲಿ 60 ಕಿ.ಮೀ. ಆಗಿತ್ತು, ಮತ್ತು ನಾನು ತುಂಬ ಹಿಗ್ಗಿದ್ದೆ. ಅಷ್ಟು ಹೊತ್ತಿನವರೆಗೆ ನೀರಿನ ಹೊರತು ಬೇರೇನನ್ನೂ ಬಾಯಿಗೆ ಹಾಕಿರಲಿಲ್ಲ ಎಂಬುದು ನನಗೆ ತಪ್ಪೆಂದೇ ತೋರಲಿಲ್ಲ. ಹೋಟೆಲಿನಲ್ಲಿ ಬನ್ಸ್, ಮಸಾಲೆ ದೋಸೆ, ಚಹಾ ತೆಗೆದುಕೊಂಡೆ. ಮನೆಗೆ ಫೋನ್ ಮಾಡಿದೆ. ಪರಿಚಯದವರೊಬ್ಬರು ಸಿಕ್ಕರು, ಅವರೊಡನೆ ಮಾತನಾಡಿದೆ. ಹೊರಟಾಗ 10-55 ಆಗಿತ್ತು.

ಮರಳುವ ದಾರಿ ಬೇರೆಯದೇ ಆಗಿತ್ತು. ಕರಾವಳಿಯ ಜನವರಿಯ ಬಿಸಿಲು ಲೆಕ್ಕದಲ್ಲಿ ಸಾಮಾನ್ಯವಾಗಿ 32-33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಘಟ್ಟದ ಮೇಲಿನ ನಮಗೆ ಆ ಸೆಕೆಯ ರೂಢಿಯಿಲ್ಲ. ಹೊಟ್ಟೆಯೊಳಗಿನ ದೋಸೆ ಕಲ್ಲಿನಂತೆ ಕೂತಿತ್ತು. ಕತಗಾಲದಲ್ಲಿ 25 ನಿಮಿಷ ನೆರಳಿನಲ್ಲಿ ಕುಳಿತೆ. ಘಟ್ಟ ಏರಲು ತೊಡಗಿದ ಸ್ವಲ್ಪ ಹೊತ್ತಿಗೆ ಹಿಂದಿನ ಚಕ್ರ ಮೆತ್ತಗಾಯಿತು. ಅಂಗಡಿಯಲ್ಲಿ 16 ನಿಮಿಷದಲ್ಲಿ ಮಾಡಿದ ಕೆಲಸ ಅಲ್ಲಿ, ನಡುಗುವ ಕೈಗಳಲ್ಲಿ, 40 ನಿಮಿಷ ಹಿಡಿಯಿತು. ಟಯರಿನೊಳಗೆ ಬಟ್ಟೆ ಆಡಿಸಿದಾಗ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿಯೊಂದು ಸಿಕ್ಕಿತು. ಸವೆದ ಲಾರಿ ಟಯರುಗಳಿಂದ ಉದುರುವ ಇಂಥ ತಂತಿಗಳು ಹೆದ್ದಾರಿಗಳಲ್ಲಿ ಸಾಮಾನ್ಯ. ಕೆಲಸ ಮುಗಿಸುವ ಹೊತ್ತಿಗೆ ಶಿರಸಿಯ ಕಡೆಗೆ ಹೋಗುವ ಬಸ್ಸೊಂದು ನಿಧಾನಿಸಿತು, ಕಂಡಕ್ಟರರು “ಹತ್ತೂದಾ?” ಎಂದು ಕೇಳಿದರು. ಬೇಡವೆಂದು ಕೈ ಆಡಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕಣ್ಣು ತುಂಬಿ ಬಂತು. ದೇವಿಮನೆ ಮುಟ್ಟಿದಾಗ 2-35. ಅಲ್ಲಿ 20 ನಿಮಿಷ ಕುಳಿತು, ಸಂಜೆ 4-45ಕ್ಕೆ ಶಿರಸಿ ಸೇರಿದೆ. ಹತ್ತೂಕಾಲು ತಾಸು ಆಗಿತ್ತು. ತಾಸಿಗೆ 15 ಕಿ.ಮೀ. ಲೆಕ್ಕದಲ್ಲಿ ನನಗಿದ್ದದ್ದು 8 ತಾಸು.

ಘಟ್ಟ ನನ್ನಿಂದಾಗದು, ಕಾಲಿನಲ್ಲಿ ಶಕ್ತಿಯಿಲ್ಲ ಎಂದು ನಾನು ತೀರ್ಮಾನಿಸಿಕೊಂಡು ಅಂಗಡಿಗೆ ಹೋದೆ. ಯಜಮಾನರು ಕಾರ್ಡನ್ನು ಮೇಜಿನ ಮೇಲಿಟ್ಟು, ತಲುಪಿದ ಮತ್ತು ಹೊರಟ ಹೊತ್ತುಗಳ ನಡುವಿನ ಅಂತರವನ್ನೆಲ್ಲ ಕೆಂಪು ಪೆನ್ನಿನಲ್ಲಿ ಬರೆದು ನನ್ನಿಂದಲೇ ಕೂಡಿಸಿದರು. ಕುಮಟಾದಲ್ಲಿ 1 ತಾಸು 10 ನಿಮಿಷ, ಕತಗಾಲದಲ್ಲಿ 25, ಪಂಚರಿಗೆ 40, ದೇವಿಮನೆಯಲ್ಲಿ 20. ನಿಂತ ಹೊತ್ತು ಒಟ್ಟು 2 ತಾಸು 35 ನಿಮಿಷ. ತಡವಾದದ್ದು 2 ತಾಸು 15 ನಿಮಿಷ. ಘಟ್ಟದ ಏರಿಗೆ, ಪಂಚರಿನ ಹೊತ್ತನ್ನು ಕಳೆದರೆ, 1 ತಾಸು 25 ನಿಮಿಷ ಹಿಡಿದಿತ್ತು. ಮೊದಲ ಸಲಕ್ಕೆ ಅದು ಚೆನ್ನಾಗಿಯೇ ಇದೆ ಎಂದರು. ನಾನು ಯಾವುದಕ್ಕೆ ಹೆದರಿದ್ದೆನೋ ಅದು ನನ್ನನ್ನು ಸೋಲಿಸಿರಲಿಲ್ಲ. ನನಗೆ ನೆನಪಿನಲ್ಲಿಯೂ ಉಳಿಯದಿದ್ದ ಒಂದು ಚಹಾ, ಒಂದು ಫೋನು, ಒಂದು ಹರಟೆ ಸೋಲಿಸಿದ್ದವು.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ, ಮತ್ತು ಇದಕ್ಕಾಗಿ ನಾನು ಅವರನ್ನು ಹೆಚ್ಚು ಗೌರವಿಸುತ್ತೇನೆ. ನಿಲ್ಲುವುದನ್ನು ಕಡಿಮೆ ಮಾಡಿದರೆ ಸಾಕೆಂದು ಸಮಾಧಾನ ಹೇಳುವುದು ಸುಲಭವಿತ್ತು. ಬದಲಿಗೆ, ತುಳಿದ ಹೊತ್ತು 7 ತಾಸು 40 ನಿಮಿಷ, ಅಂದರೆ ತಾಸಿಗೆ ಹದಿನೈದೂವರೆ ಕಿಲೋಮೀಟರಿಗಿಂತ ಸ್ವಲ್ಪ ಮೇಲೆ. ಇದೇ ಓಟದಲ್ಲಿ 200 ಕಿ.ಮೀ. ತುಳಿಯಲು ಸುಮಾರು ಹನ್ನೆರಡೂ ಮುಕ್ಕಾಲು ತಾಸು ಬೇಕು, ಹದಿಮೂರೂವರೆಯಲ್ಲಿ ಉಳಿಯುವುದು ಮುಕ್ಕಾಲು ತಾಸು ಮಾತ್ರ. ಒಂದು ಪಂಚರ್ ಆದರೆ ಅದೂ ಹೋಯಿತು ಎಂದು ಲೆಕ್ಕ ತೋರಿಸಿದರು. ತಾಸಿಗೆ 16 ಕಿ.ಮೀ. ತುಳಿಯುವವರಿಗೆ ಉಳಿಯುವುದು ಒಂದು ತಾಸು, 18 ತುಳಿಯುವವರಿಗೆ 2 ತಾಸು 20 ನಿಮಿಷದ ಮೇಲೆ, 20 ತುಳಿಯುವವರಿಗೆ ಮೂರೂವರೆ ತಾಸು. ಅತ್ಯಂತ ಕಡಿಮೆ ವೇಗದವರಿಗೇ ಅತ್ಯಂತ ಹೆಚ್ಚು ವಿಶ್ರಾಂತಿ ಬೇಕು, ಆದರೆ ಅವರಿಗೇ ಅದು ಅತ್ಯಂತ ಕಡಿಮೆ ಸಿಗುತ್ತದೆ. ನನಗೆ ಎರಡು ಕಿಲೋಮೀಟರಿನಷ್ಟು ವೇಗವೂ ಬೇಕಿತ್ತು, ನಿಲ್ಲುವುದರಲ್ಲಿ ಶಿಸ್ತೂ ಬೇಕಿತ್ತು. ಹೋಗಿ ಎಂದಾಗಲಿ ಬೇಡ ಎಂದಾಗಲಿ ಅವರು ಒಂದು ಮಾತನ್ನೂ ಆಡಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಟ್ಟರು.

ಇನ್ನು ಕೊರತೆಗಳು. ಮೊದಲನೆಯದು ಮತ್ತು ದೊಡ್ಡದು, ಊಟದ ವಿಷಯ. ಕಾರ್ಡಿನಲ್ಲಿ ಹೊತ್ತಿಗೆ ಮನೆಗಳಿವೆ, ತಿಂದದ್ದಕ್ಕೆ ಇಲ್ಲ. ದೇಹದೊಳಗೆ ಸಂಗ್ರಹವಾಗಿರುವ ಸಕ್ಕರೆಯಂಶ ಗಟ್ಟಿಯಾಗಿ ದುಡಿದರೆ ಎರಡು ತಾಸಿನ ಆಸುಪಾಸಿನಲ್ಲಿ ಬರಿದಾಗುತ್ತ ಬರುತ್ತದೆ. ದೂರದ ಸವಾರಿಯಲ್ಲಿ ತಾಸಿಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆಗಳನ್ನು ಹಸಿವಾಗುವ ಮೊದಲೇ ತಿನ್ನುತ್ತ ಹೋಗಬೇಕೆಂಬುದು ಎಲ್ಲ ಕಡೆ ಒಪ್ಪಿದ ಮಾತು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಮೂರೂಕಾಲು ತಾಸು ಏನೂ ತಿನ್ನದೆ, ಆಮೇಲೆ ಒಮ್ಮೆಲೇ ಹೊಟ್ಟೆ ತುಂಬಿಸಿಕೊಂಡದ್ದು ನನ್ನ ಮರಳುವ ದಾರಿಯನ್ನು ಕೆಡಿಸಿತು, ಮತ್ತು ಇದನ್ನು ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಅಪಾಯವಾಗಬಹುದೆಂಬ ಎಚ್ಚರಿಕೆಯೂ ಇರಲಿಲ್ಲ. ಕರಾವಳಿಗೆ ಇಳಿಸುವ ಪರೀಕ್ಷೆಯಲ್ಲಿ ಇದು ಇರಲೇಬೇಕಿತ್ತು. ನಾನು ಈ ವಿಷಯ ಹೇಳಿದಾಗ ಯಜಮಾನರು ಒಪ್ಪಿಕೊಂಡರು; ಮುಂದಿನ ಕಾರ್ಡುಗಳಲ್ಲಿ ಮೂರನೆಯ ಮನೆಯೊಂದನ್ನು ಸೇರಿಸುವುದಾಗಿ ಹೇಳಿದ್ದಾರೆ.

ಎರಡನೆಯದು ಕತ್ತಲು. ಬೆಳಿಗ್ಗೆ 6ಕ್ಕೆ ಹೊರಟ 200 ಕಿ.ಮೀ. ಬ್ರೆವೆಯ ಕೊನೆಯ ಗಡುವು ರಾತ್ರಿ 7-30. ನನ್ನಂಥ ನಿಧಾನದ ಸವಾರರು ಕೊನೆಯ ಒಂದು ತಾಸನ್ನು ಕತ್ತಲಿನಲ್ಲಿಯೇ ತುಳಿಯಬೇಕಾಗುತ್ತದೆ. ಕತ್ತಲಾದ ಮೇಲೆ ಹಿಂದೆ ಮುಂದೆ ದೀಪ, ಬೆಳಕು ಬಿದ್ದರೆ ಹೊಳೆಯುವ ಅಂಗಿ ಕಡ್ಡಾಯ. ಅಂಗಡಿಯ ಪರೀಕ್ಷೆ ಪೂರ್ತಿ ಹಗಲಿನದು. ದೀಪ ಇದೆಯೇ ಎಂದು ನೋಡಿದರು. ಆ ದೀಪದಲ್ಲಿ ಹೊಂಡ ಕಾಣುತ್ತದೆಯೇ, ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದಾಗ ನಾನು ಏನು ಮಾಡುತ್ತೇನೆ ಎಂಬುದನ್ನು ನೋಡಲಿಲ್ಲ.

ಸೀಟಿನ ಎತ್ತರವನ್ನು ಅಷ್ಟು ಚೆನ್ನಾಗಿ ಸರಿಪಡಿಸಿದವರು ಅದರ ಅಗಲದ ಬಗ್ಗೆ ಮಾತನಾಡಲಿಲ್ಲ. ಹೆಂಗಸೊಬ್ಬಳೊಡನೆ ಈ ವಿಷಯ ಎತ್ತುವುದಕ್ಕೆ ಅವರಿಗೆ ಸಂಕೋಚವಾಗಿರಬಹುದು, ಆದರೆ ದೂರದ ಸವಾರಿಯನ್ನು ಅರ್ಧಕ್ಕೆ ಬಿಡಿಸುವ ಕಾರಣಗಳಲ್ಲಿ ಇದೂ ದೊಡ್ಡದು. ಹೆಂಗಸರ ಕೂರುವ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು. ಅಲೆ ಅಲೆಯ ರಟ್ಟಿನ ಮೇಲೆ ಗಟ್ಟಿಯಾಗಿ ಕುಳಿತೆದ್ದು, ಮೂಡಿದ ಎರಡು ಗುಳಿಗಳ ನಡುವಿನ ಅಂತರ ಅಳೆದರೆ ಬೇಕಾದ ಅಗಲದ ಅಂದಾಜು ಸಿಗುತ್ತದೆ. ಇದನ್ನು ನಾನು ಮನೆಯಲ್ಲಿಯೇ ಮಾಡಿಕೊಂಡೆ. ಮೆತ್ತನೆಯ ಜೆಲ್ ಕವರು ಮೊದಲ 30 ಕಿ.ಮೀ. ಹಿತವಾಗಿರುತ್ತದೆ, ಆಮೇಲೆ ಒತ್ತಡವನ್ನು ಎಲುಬಿನಿಂದ ಮೃದುಭಾಗಕ್ಕೆ ಸರಿಸಿ ನೋಯಿಸುತ್ತದೆ. ಅದನ್ನು ತೆಗೆದು ಅಗಲದ, ಗಟ್ಟಿಯಾದ ಸೀಟು ಹಾಕಿಸಿಕೊಂಡೆ. ಹೆಂಗಸರು ಅಂಗಡಿಗೆ ಹೋಗುವ ಮೊದಲು ಈ ಅಳತೆಯನ್ನು ಬರೆದುಕೊಂಡು ಹೋಗಲಿ.

ಬಿಡಿಭಾಗಗಳ ದಾಸ್ತಾನು ಕಡಿಮೆ. ಹಿಂದಿನ ಗೇರಿನ ಸೆಟ್ಟು ಹುಬ್ಬಳ್ಳಿಯಿಂದ ಬರಲು ಒಂಬತ್ತು ದಿನ ಕಾಯಬೇಕಾಯಿತು.

ಐದು ವಾರಗಳ ನಂತರ ಅದೇ ದಾರಿಗೆ ಮತ್ತೆ ಇಳಿದೆ. ಈ ನಡುವೆ ವಾರಕ್ಕೆ ಎರಡು ಸಂಜೆ ಸಣ್ಣ ಏರುಗಳ ಮೇಲೆ, ಭಾನುವಾರ 80-90 ಕಿ.ಮೀ. ತುಳಿದಿದ್ದೆ. ಹಿಂದಿನ ಕೊರತೆಯನ್ನು ನಾನೇ ತುಂಬಿಕೊಳ್ಳಲು ಬೆಳಿಗ್ಗೆ 5-45ಕ್ಕೆ, ಕತ್ತಲಿನಲ್ಲಿಯೇ, ದೀಪ ಹಚ್ಚಿಕೊಂಡು ಹೊರಟೆ. ಬಾಳೆಹಣ್ಣು, ಶೇಂಗಾ ಚಿಕ್ಕಿ ಜೇಬಿನಲ್ಲಿದ್ದವು. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ಬೆರೆಸಿದ ಮುರುಗಲ ಪಾನಕ. ಪ್ರತಿ 45 ನಿಮಿಷಕ್ಕೊಮ್ಮೆ, ಬೇಕೆನಿಸಲಿ ಬೇಡವೆನಿಸಲಿ, ಏನಾದರೂ ತಿಂದೆ. ಕುಮಟಾದಲ್ಲಿ 20 ನಿಮಿಷ ಮಾತ್ರ ನಿಂತು ಎರಡು ಇಡ್ಲಿ ತಿಂದೆ. ಬಿಸಿಲೇರುವ ಮೊದಲೇ ಘಟ್ಟದ ಬುಡಕ್ಕೆ ಬಂದಿದ್ದೆ. ಮಧ್ಯಾಹ್ನ 1-30ಕ್ಕೆ ಶಿರಸಿ ಸೇರಿದಾಗ ಒಟ್ಟು 7 ತಾಸು 45 ನಿಮಿಷ ಆಗಿತ್ತು, ಅದರಲ್ಲಿ ನಿಂತದ್ದು 50 ನಿಮಿಷ. ತುಳಿದ ವೇಗ ತಾಸಿಗೆ 17 ಕಿ.ಮೀ. ದಾಟಿತ್ತು, ಆ ಲೆಕ್ಕದಲ್ಲಿ 200 ಕಿ.ಮೀ.ಯಲ್ಲಿ ನನಗೆ ಸುಮಾರು ಎರಡು ತಾಸು ಉಳಿಯುತ್ತದೆ. ಅಂಗಡಿಗೆ ಹೋಗುವ ಮೊದಲೇ, ದಾರಿಯಲ್ಲಿಯೇ, ಕಾರ್ಡನ್ನು ನಾನೇ ಕೂಡಿಸಿ ಕಳೆದು ನೋಡಿದ್ದೆ. ಆ ಸಂಜೆ ಹುಬ್ಬಳ್ಳಿಯ ಮಾರ್ಚಿನ ಸವಾರಿಗೆ ಹೆಸರು ಕೊಟ್ಟೆ.

ಕಾರವಾರ, ಅಂಕೋಲೆಯ ಕಡೆಯವರು ಈ ಸೇವೆಗಾಗಿ ಶಿರಸಿಗೆ ಬರಬೇಕೇ ಎಂದು ಕೇಳಿದರೆ, ಒಂದು ಸಲ ಬರುವುದು ಒಳ್ಳೆಯದೆಂದೇ ಹೇಳುತ್ತೇನೆ. ಕಾರವಾರದಿಂದ ಕುಮಟಾಕ್ಕೆ ಹೋಗಿ ಬಂದರೆ ದೂರ ಸುಮಾರು 140 ಕಿ.ಮೀ. ಆಗುತ್ತದೆ, ಆದರೆ ಹೆದ್ದಾರಿಯಲ್ಲಿ ಘಟ್ಟದಂಥ ಏರಿಲ್ಲ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ ಸಮುದ್ರದ ಗಾಳಿ ಮರಳುವಾಗ ಎದುರಾಗಿ ಏರಿನ ಕೆಲಸವನ್ನು ಅಷ್ಟಿಷ್ಟು ಮಾಡುತ್ತದೆ. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗಿ ಬಂದರೆ ಏರು ಮೊದಲರ್ಧದಲ್ಲಿಯೇ ಮುಗಿದು, ದಣಿದ ಕಾಲಿಗೆ ಇಳಿಜಾರು ಸಿಗುತ್ತದೆ. ಅದರ ಮೇಲೆ ಆ ದಾರಿಯಲ್ಲಿ ಲಾರಿಗಳ ಓಡಾಟ ಬಹಳ. ಹಿಂದಿನ ದಿನವೇ ಶಿರಸಿಗೆ ಬಂದು ಉಳಿದು, ಬೆಳಿಗ್ಗೆ ಇಲ್ಲಿಂದ ಇಳಿದು ಇಲ್ಲಿಗೇ ಹತ್ತುವುದು ಮೇಲು.

ತಪಾಸಣೆಯ ಶುಲ್ಕ 1,500 ರೂಪಾಯಿ. ಎರಡನೆಯ ಸಲದ ಕಾರ್ಡಿಗೆ ಬೇರೆ ಹಣ ತೆಗೆದುಕೊಳ್ಳಲಿಲ್ಲ. ಚೈನು, ಗೇರಿನ ಸೆಟ್ಟು, ಬ್ರೇಕಿನ ರಬ್ಬರು ಸೇರಿ ನನಗೆ ಇನ್ನೂ 2,250 ರೂಪಾಯಿ ಆಯಿತು, ಸೀಟಿನ ಖರ್ಚು ಬೇರೆ. ಒಂದು ತಿಂಗಳಿಗೆ ಮೂವರಿಗಿಂತ ಹೆಚ್ಚು ಜನರನ್ನು ಅವರು ಒಪ್ಪಿಕೊಳ್ಳುವುದಿಲ್ಲ, ಮಳೆಗಾಲದ ನಾಲ್ಕು ತಿಂಗಳು ಯಾರನ್ನೂ ಘಟ್ಟಕ್ಕೆ ಕಳಿಸುವುದಿಲ್ಲ. ಆದ್ದರಿಂದ ಚಳಿಗಾಲದ ಸವಾರಿಯೊಂದಕ್ಕೆ ಮನಸ್ಸು ಮಾಡಿರುವವರು ಅಕ್ಟೋಬರ್ ಮೊದಲ ವಾರದಲ್ಲಿಯೇ ಹೋಗಿ ಹೆಸರು ಬರೆಸುವುದು ಒಳ್ಳೆಯದು; ಸೈಕಲನ್ನು ತೊಳೆಯದೆ, ಮಳೆಗಾಲ ಮುಗಿಸಿದ ಸ್ಥಿತಿಯಲ್ಲಿಯೇ ತೆಗೆದುಕೊಂಡು ಹೋಗಿ, ಏಕೆಂದರೆ ಆ ಮಣ್ಣನ್ನು ನೋಡಿಯೇ ಅವರು ಮೊದಲು ಏನು ಬಿಚ್ಚಬೇಕೆಂದು ನಿರ್ಧರಿಸುತ್ತಾರೆ.